ಇಳಿಯುವುದೇ ದೊಡ್ಡ ಕೆಲಸ: ತುಂಗೆಯ ದಂಡೆಯಿಂದ ಆಗುಂಬೆ ಘಾಟಿಗೆ ಸೈಕಲ್ಲಿನಲ್ಲಿ ನಾಲ್ಕು ದಿನ

ಮೊದಲ ದಿನ: ಶಿವಮೊಗ್ಗ – ತೀರ್ಥಹಳ್ಳಿ

ಹೊಳೆ ಪಕ್ಕದ ರಸ್ತೆ ಸಪಾಟಾಗಿರುತ್ತದೆ ಅನ್ನುವುದು ಬಯಲುಸೀಮೆಯವರ ನಂಬಿಕೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ನಕ್ಷೆಯಲ್ಲಿ ನೋಡಿದರೆ ರಸ್ತೆ ತುಂಗೆಯ ಮಗ್ಗುಲು ಬಿಟ್ಟು ದೂರ ಹೋಗುವುದೇ ಇಲ್ಲ. ಆದರೆ ಗುಡ್ಡದಿಂದ ಇಳಿದು ತುಂಗೆ ಸೇರುವ ಹಳ್ಳಗಳಿಗೆ ಲೆಕ್ಕವಿಲ್ಲ. ಒಂದೊಂದು ಹಳ್ಳಕ್ಕೂ ರಸ್ತೆ ಮೋರಿಯ ತನಕ ಇಳಿಯುತ್ತದೆ, ಆಚೆ ದಡದಲ್ಲಿ ಮತ್ತೆ ಏರುತ್ತದೆ. ಏರು ಯಾವುದೂ ಉದ್ದದ್ದಲ್ಲ. ಕಾರಿನಲ್ಲಿ ಹೋಗುವವರಿಗೆ ಅದು ಏರು ಅಂತಲೇ ಗೊತ್ತಾಗದು. ಸೈಕಲ್ ತುಳಿದವರ ತೊಡೆ ಮಾತ್ರ ಸಂಜೆ ಹೊತ್ತಿಗೆ ಎಲ್ಲದರ ಲೆಕ್ಕ ಒಪ್ಪಿಸುತ್ತದೆ.

ದೀಪಾವಳಿ ಕಳೆದ ಮರುವಾರ. ಮಳೆ ಹಿಂದೆ ಸರಿದು, ಬತ್ತ ಹಣ್ಣಾಗಿ, ಅಡಿಕೆ ಕೊಯ್ಲು ಶುರುವಾಗಿದ್ದ ಹೊತ್ತು. ಮಲೆನಾಡಿನಲ್ಲಿ ಸೈಕಲ್ಲಿಗೂ ಚಾರಣಕ್ಕೂ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಫೆಬ್ರವರಿ ದಾಟಿದರೆ ಕಾಡಿಗೆ ಬೆಂಕಿ ಬೀಳುವ ಭಯಕ್ಕೆ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು. ನಾಲ್ಕು ಜನ, ಸೈಕಲ್ಲುಗಳಲ್ಲಿ ಮೂರು ಹೈಬ್ರಿಡ್ (ಟಾರಿಗೂ ಕಚ್ಚಾರಸ್ತೆಗೂ ಆಗುವಂಥದ್ದು), ಒಂದು ಎಂಟಿಬಿ (ಗುಡ್ಡಗಾಡಿನ ದಪ್ಪ ಟಯರಿನದು). ಹೈಬ್ರಿಡ್‌ಗಳ 38 ಮಿ.ಮೀ. ಟಯರಿಗೆ 55 ಪಿಎಸ್‌ಐ (ಒತ್ತಡದ ಅಳತೆ) ಗಾಳಿ. ಊರಿನ ಟಾರು ರಸ್ತೆಯ ಅಭ್ಯಾಸದಲ್ಲಿ 70 ಹೊಡೆಸಿಕೊಂಡು ಬಂದರೆ ಒದ್ದೆ ತಿರುವಿನಲ್ಲಿ ಟಯರ್ ಹಿಡಿತ ಬಿಡುತ್ತದೆ. ತೀರಾ 35ಕ್ಕೆ ಇಳಿಸಿದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ.

ಬೆಳಿಗ್ಗೆ 6.30ಕ್ಕೆ ಹೊರಟು ಗಾಜನೂರು ಅಣೆಕಟ್ಟೆಗೆ ಮುಕ್ಕಾಲು ಗಂಟೆ. (ರಾಜಕುಮಾರ್ ಅವರ ಗಾಜನೂರು ಇದಲ್ಲ, ಅದು ತಾಳವಾಡಿ ಕಡೆಯದು. ಪ್ರತಿ ಗುಂಪಿನಲ್ಲೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.) ಅಲ್ಲಿಂದ ಸ್ವಲ್ಪ ಮುಂದೆ ಸಕ್ರೆಬೈಲು. ಬಿಡಾರದ ಆನೆಗಳು ಹೊಳೆಯಲ್ಲಿ ಮೀಯುವುದನ್ನು ನೋಡಬೇಕಿದ್ದರೆ ಬೆಳಗಿನ ಹೊತ್ತೇ ಬರಬೇಕು. ಇಲ್ಲಿಂದ ಮಂಡಗದ್ದೆಯವರೆಗೆ ರಸ್ತೆಯ ಆಸುಪಾಸಿನಲ್ಲಿ ಇರುವುದು ಶೆಟ್ಟಿಹಳ್ಳಿ ಅಭಯಾರಣ್ಯ. ಬಿಡಾರದ ಆನೆಗೆ ಮಾವುತ ಇರುತ್ತಾನೆ, ಕಾಡಿನದಕ್ಕೆ ಇರುವುದಿಲ್ಲ. ಕತ್ತಲೆ ಹರಿಯುವ ಮುನ್ನ, ಸಂಜೆ ಕವಿದ ಮೇಲೆ ಈ ತುಂಡಿನಲ್ಲಿ ಸೈಕಲ್ ಬೇಡ.

ಈ ಸಣ್ಣ ಏರುಗಳಲ್ಲಿ ಎಡವಟ್ಟಾಗುವುದು ಗೇರ್ ಬದಲಿಸುವ ಹೊತ್ತಿನಲ್ಲಿ. ಇಳಿವಿನ ವೇಗದಲ್ಲೇ ಏರಿಗೆ ನುಗ್ಗಿ, ಕಾಲು ಸೋತ ಮೇಲೆ ಗೇರ್ ಇಳಿಸಲು ಹೋದರೆ ಚೈನಿನ ಮೇಲೆ ಪೂರ್ತಿ ಭಾರ ಇರುತ್ತದೆ. ಅದು ಹಲ್ಲಿನ ಮೇಲೆ ಕೂರದೆ ಕಟಕಟ ಅನ್ನುತ್ತದೆ, ಇಲ್ಲವೇ ಒಳಗೆ ಬೀಳುತ್ತದೆ. ಮೋರಿ ದಾಟುವಾಗಲೇ, ಪೆಡಲ್ ಹಗುರವಾಗಿರುವಾಗಲೇ ಎರಡು ಗೇರ್ ಇಳಿಸಿಟ್ಟುಕೊಳ್ಳಬೇಕು. ಎಂಟಿಬಿಯ ಚೈನ್ ಹೀಗೇ ಎರಡು ಸಲ ಪೆಡಲ್ ಪಕ್ಕದ ಸಣ್ಣ ಹಲ್ಲುಚಕ್ರದ ಒಳಗೆ ಬಿತ್ತು. ಹಿಂದಿನ ಡಿರೇಲರನ್ನು (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) ಕೈಯಿಂದ ಮುಂದಕ್ಕೆ ತಳ್ಳಿ ಚೈನ್ ಸಡಿಲ ಮಾಡಿ, ಪೆಡಲ್ ಪಕ್ಕದ ಹಲ್ಲುಚಕ್ರದ ಅಡಿಯ ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ತಾನಾಗಿ ಕೂರುತ್ತದೆ. ಆದರೆ ಅದು ಪರಿಹಾರವಲ್ಲ. ಮುಂದಿನ ಡಿರೇಲರಿನ ‘ಎಲ್’ ಗುರುತಿನ ತಿರುಪು ಸಡಿಲವಾಗಿತ್ತು. ಕಾಲು ಸುತ್ತು ಬಿಗಿ ಮಾಡಿದ ಮೇಲೆ ನಾಲ್ಕೂ ದಿನ ಚೈನ್ ಬೀಳಲಿಲ್ಲ.

ಮಂಡಗದ್ದೆಗೆ ಎರಡು ಕಿ.ಮೀ. ಇದ್ದಾಗ ಒಂದು ಪಂಕ್ಚರ್. ಟ್ಯೂಬಿನ ತೂತು ಎಲ್ಲರೂ ಹುಡುಕುತ್ತಾರೆ, ತೂತು ಮಾಡಿದ್ದನ್ನು ಹುಡುಕುವವರು ಕಡಿಮೆ. ಅದಕ್ಕೇ ಒಂದೇ ಟಯರ್ ಅರ್ಧ ಗಂಟೆಯಲ್ಲಿ ಎರಡನೇ ಸಲ ಕೂರುತ್ತದೆ. ಟ್ಯೂಬ್ ತೆಗೆಯುವ ಮೊದಲು ವಾಲ್ವ್ ಎದುರಿಗೆ ಟಯರ್ ಮೇಲೆ ಸೀಮೆಸುಣ್ಣದಿಂದಲೋ ಮಣ್ಣಿನಿಂದಲೋ ಒಂದು ಗೆರೆ ಎಳೆದುಕೊಳ್ಳಬೇಕು. ಟ್ಯೂಬಿಗೆ ಗಾಳಿ ತುಂಬಿ ತೂತು ಸಿಕ್ಕಿದ ಮೇಲೆ ಅದನ್ನು ಟಯರಿಗೆ ಜೋಡಿಸಿ ಹಿಡಿದರೆ, ಚುಚ್ಚಿದ್ದು ಟಯರಿನ ಯಾವ ಜಾಗದಲ್ಲಿದೆ ಅಂತ ಅಲ್ಲೇ ತೋರುತ್ತದೆ. ಇಲ್ಲಿ ಸಿಕ್ಕಿದ್ದು ಕೂದಲೆಳೆಯಂಥ ಉಕ್ಕಿನ ತಂತಿ. ಲಾರಿ ಟಯರ್ ಒಡೆದಾಗ ಉದುರುವ ಈ ತಂತಿಗಳು ಹೆದ್ದಾರಿಯ ಅಂಚಿನಲ್ಲೇ ಸೇರಿಕೊಂಡಿರುತ್ತವೆ, ಸೈಕಲ್ ಓಡುವುದೂ ಅದೇ ಅಂಚಿನಲ್ಲಿ. ಹೊರಗಿನಿಂದ ಕಾಣದು, ಒಳಗೆ ಬಟ್ಟೆ ಸುತ್ತಿದ ಬೆರಳು ಆಡಿಸಿದಾಗ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಆಡಿಸಿದರೆ ಬೆರಳೂ ಪಂಕ್ಚರ್. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕೆಲಸ: ಮರಳುಕಾಗದದಿಂದ ತಿಕ್ಕಿ, ಪ್ಯಾಚಿಗಿಂತ ಅಗಲಕ್ಕೆ ಸೊಲ್ಯೂಷನ್ ಹಚ್ಚಿ, ಐದು ನಿಮಿಷ ಬಿಡುವುದು. ಆ ಐದು ನಿಮಿಷ ಕಾಯದೆ ಹಸಿಯಾಗಿಯೇ ಪ್ಯಾಚ್ ಒತ್ತಿದರೆ ಮುಂದಿನ ಏರಿನಲ್ಲೇ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ಹಳ್ಳಿಯ ಪಂಕ್ಚರ್ ಅಂಗಡಿಗಳಲ್ಲಿ ಗಾಳಿ ಹೊಡೆಯುವ ಕೊಳವೆ ಬೈಕ್ ವಾಲ್ವಿಗೆ ಸರಿಹೊಂದುತ್ತದೆ, ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಹೊಂದುವುದಿಲ್ಲ. ಹಿತ್ತಾಳೆಯ ಒಂದು ಅಡಾಪ್ಟರ್ ವಾಲ್ವಿಗೇ ತಿರುಗಿಸಿ ಇಟ್ಟುಕೊಂಡಿದ್ದರೆ ಆ ತಾಪತ್ರಯ ಇಲ್ಲ.

ಮಂಡಗದ್ದೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಹೊಳೆ ತುಂಬಿದಾಗ. ನವೆಂಬರ್‌ಗೆ ಮರಗಳು ಖಾಲಿ, ಕೊಂಬೆಗಳಲ್ಲಿ ಕಡ್ಡಿಗೂಡು ಮಾತ್ರ. ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ಸೈಕಲ್ಲುಗಳನ್ನು ಒಂದು ಸುತ್ತು ಬಂದು ನೋಡಿ ಕೇಳಿದರು: “ಇಷ್ಟು ಗೇರು ಎಂಥಕ್ಕೆ? ನಮ್ಮ ಕಾಲದಗೆ ಒಂದೇ ಗೇರು, ಹಿಂದೆ ಒಂದು ಮೂಟೆ ಅಡಿಕೆ.” ಏರು ಬಂದರೆ ಏನು ಮಾಡುತ್ತಿದ್ದಿರಿ ಅಂದಿದ್ದಕ್ಕೆ, “ಇಳ್ದು ತಳ್ಳದು, ಮತ್ತೆಂಥ?” ಮರ್ಯಾದೆ ಹೋಗುವ ಕೆಲಸ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲವಂತೆ. ಮೂರನೇ ದಿನ ಈ ಮಾತು ಉಪಯೋಗಕ್ಕೆ ಬಂತು.

ಎಷ್ಟು ಜೋರಾಗಿ ತುಳಿಯಬೇಕು ಅನ್ನುವುದಕ್ಕೆ ಯಂತ್ರ ಬೇಡ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೈದ್ಯರು ಮಧ್ಯಮ ಶ್ರಮ ಅನ್ನುವುದು ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಯಸ್ಕರಿಗೆ ವಾರಕ್ಕೆ ಇಂಥ 150ರಿಂದ 300 ನಿಮಿಷ. ಈ ಒಂದು ರಸ್ತೆಯಲ್ಲೇ ಆ ಲೆಕ್ಕ ಮುಟ್ಟುತ್ತದೆ, ಆದರೆ ವಾರದ ಪೂರ್ತಿ ಕೂತು ಒಂದೇ ದಿನ ತೀರಿಸಿದರೆ ಮಂಡಿ ಒಪ್ಪುವುದಿಲ್ಲ. ಹೊರಡುವ ಒಂದೂವರೆ ತಿಂಗಳ ಮೊದಲಿನಿಂದ ವಾರಕ್ಕೆ ಮೂರು ದಿನ 20 ಕಿ.ಮೀ. ತುಳಿದಿರಬೇಕು. ಸೀಟಿನ ಎತ್ತರವನ್ನೂ ಮನೆಯಲ್ಲೇ ಸರಿ ಮಾಡಿಕೊಳ್ಳಬೇಕು: ಪೆಡಲ್ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಅದಕ್ಕಿಂತ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ. ನೀರು ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಾಗದ ಹಾಗೆ. ಮಲೆನಾಡಿನ ತಂಪಿನಲ್ಲಿ ಬಾಯಾರಿಕೆ ಗೊತ್ತಾಗದು, ಬೆವರು ಮಾತ್ರ ಇಳಿಯುತ್ತಲೇ ಇರುತ್ತದೆ.

ಬೆಜ್ಜವಳ್ಳಿ ದಾಟಿ, ಮಧ್ಯಾಹ್ನ ಎರಡಕ್ಕೆ ತೀರ್ಥಹಳ್ಳಿ. ಊಟಕ್ಕೆ ಕೆಸುವಿನ ಪತ್ರೊಡೆ, ಒಂದೆಲಗದ ತಂಬುಳಿ. ಸಂಜೆ ಸೈಕಲ್ ಒರೆಸಿ ಚೈನಿಗೆ ಎಣ್ಣೆ ಬಿಡುವಾಗ ಆತುರದಲ್ಲಿ ಒಬ್ಬರು ಸ್ಪ್ರೇ ಡಬ್ಬಿ ಹಿಡಿದರು. ಹನಿ ಎಣ್ಣೆಯಾದರೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಹತ್ತು ನಿಮಿಷ ಕಾದು, ಹೊರಗಿನದನ್ನು ಪೂರ್ತಿ ಒರೆಸಬಹುದು. ಸ್ಪ್ರೇ ಮಂಜಿನ ಹಾಗೆ ಹಾರಿ ಪಕ್ಕದ ಬ್ರೇಕ್ ಡಿಸ್ಕಿನ, ಅಂದರೆ ಬ್ರೇಕಿನ ಪ್ಯಾಡುಗಳು ಕಚ್ಚಿ ಹಿಡಿಯುವ ತಟ್ಟೆಯ, ಮೇಲೂ ಕೂರುತ್ತದೆ. ಅವತ್ತು ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಎರಡನೇ ದಿನ: ಕವಲೇದುರ್ಗ

ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ, ಮತ್ತೆ ತೋಟ. ಮನೆಗಳ ಅಂಗಳದ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಒಣಗಲು ಹರವಿದ್ದರು; ಚೊಗರಿನ (ಅಡಿಕೆ ಬೇಯಿಸಿದ ನೀರು) ಒಗರು ವಾಸನೆ ರಸ್ತೆಯ ತನಕ ಬರುತ್ತಿತ್ತು. ಒಂಬತ್ತು ಗಂಟೆಯಾದರೂ ಮಂಜು ಕರಗಿರಲಿಲ್ಲ. ಒಂದು ಸೈಕಲ್ಲಿನ ಹಿಂದಿನ ಬ್ರೇಕ್ ಕೀರಲು ಶುರು ಮಾಡಿತ್ತು. ಇಬ್ಬನಿಗೆ ಹಾಗಾಗುತ್ತದೆ ಅಂದುಕೊಂಡಿದ್ದು ತಪ್ಪು. ಇಬ್ಬನಿಯ ಸದ್ದಾಗಿದ್ದರೆ ನಾಲ್ಕು ಸಲ ಬ್ರೇಕ್ ಹಿಡಿಯುವಷ್ಟರಲ್ಲಿ ನಿಲ್ಲಬೇಕಿತ್ತು.

ಕೋಟೆ ಕೆಳದಿ ನಾಯಕರದು. ಭುವನಗಿರಿ ಎಂದೂ ಕರೆಯುತ್ತಿದ್ದ ಈ ದುರ್ಗವನ್ನು ಗಟ್ಟಿ ಮಾಡಿದ್ದು ವೆಂಕಟಪ್ಪ ನಾಯಕ. ಸೈಕಲ್ಲುಗಳನ್ನು ಬುಡದ ಮನೆಯೊಂದರ ಅಂಗಳದಲ್ಲಿ ನಿಲ್ಲಿಸಿ ಗದ್ದೆಯಂಚು ಹಿಡಿದರೆ ಚಾರಣ ಶುರು. ಹೋಗಿ ಬರಲು ಎರಡೂವರೆಯಿಂದ ಮೂರು ಗಂಟೆ. ಮೇಲೆ ಅಂಗಡಿ ಇಲ್ಲ. ತಲೆಗೆ ಒಂದೂವರೆ ಲೀಟರ್ ನೀರು, ಎರಡು ಬಾಳೆಹಣ್ಣು, ಒಂದು ಚೂರು ಬೆಲ್ಲ ಸಾಕು. ಊಟ ಬೇಕಿದ್ದರೆ ಹತ್ತುವ ಮೊದಲೇ ಬುಡದ ಮನೆಯಲ್ಲಿ ಹೇಳಬೇಕು. ಇಳಿದು ಬಂದು ಕೇಳಿದರೆ ಅವರ ಅನ್ನದ ಪಾತ್ರೆ ತೊಳೆದಾಗಿರುತ್ತದೆ.

ಹೊರಡುವಾಗ ಆ ಮನೆಯ ಅಜ್ಜಿ ನಮ್ಮ ಬೂಟುಗಳ ಕಡೆ ನೋಡಿ ಹೇಳಿದ್ದು: “ಹತ್ತಾದು ಎಂಥ ಮಾರಾಯ್ರೆ, ಮಕ್ಳೂ ಹತ್ತಾವೆ. ಇಳಿಯಾವಾಗ ನೋಡ್ಕಳಿ.”

ಗದ್ದೆ ದಾಟಿ ಕಾಡು ಹೊಕ್ಕ ಕೂಡಲೇ ಹಾಸುಗಲ್ಲಿನ ದಾರಿ. ದೊಡ್ಡ ದೊಡ್ಡ ಕಲ್ಲುಗಳನ್ನು ಇಳಿಜಾರಿಗೆ ಓರೆಯಾಗಿ ಜೋಡಿಸಿದ್ದಾರೆ. ಬಾಗಿಲು ಆದ ಮೇಲೆ ಬಾಗಿಲು, ಎರಡು ಕಡೆ ಕಾವಲುಗಾರರ ಕೋಣೆ. ಒಳಗೆ ದೇವಸ್ಥಾನಗಳು, ಕೊಳ, ಅರಮನೆಯ ಅಡಿಪಾಯ, ಅಡುಗೆಮನೆಯಲ್ಲಿ ಕಲ್ಲಿನ ಒಲೆ. ತುತ್ತತುದಿಯ ಚಿಕ್ಕ ಗುಡಿಯ ಹತ್ತಿರ ನಿಂತರೆ ಪಶ್ಚಿಮಕ್ಕೆ ಗುಡ್ಡದ ಹಿಂದೆ ಗುಡ್ಡ. ಅವತ್ತು ಹತ್ತು ನಿಮಿಷ ಮಾತ್ರ ಮುಗಿಲು ಬಿಟ್ಟುಕೊಟ್ಟಿತು, ಆಮೇಲೆ ಎದುರಿಗಿದ್ದವರ ಟೋಪಿಯೂ ಕಾಣಲಿಲ್ಲ.

ಈಗ ಇಳಿಯುವುದು. ನಾನೂರು ವರ್ಷದ ಕಾಲ್ತುಳಿತಕ್ಕೆ ನುಣುಪಾದ ಕಲ್ಲು, ಮೇಲೆ ಮಳೆಗಾಲದ ಹಾವಸೆ, ಅದರ ಮೇಲೆ ಒದ್ದೆ ದರಗು (ಉದುರಿದ ಎಲೆ). ಹತ್ತುವಾಗ ಮೈಭಾರ ಮುಂಗಾಲಿನಲ್ಲಿ ಇರುತ್ತದೆ, ಬೂಟಿನ ಹಲ್ಲು ಕಚ್ಚುತ್ತದೆ. ಇಳಿಯುವಾಗ ಹಿಮ್ಮಡಿ ಮೊದಲು ಬಿದ್ದರೆ ಜಾರುಬಂಡಿ. ಮಾಡಬೇಕಾದ್ದು ಇಷ್ಟು: ಮಂಡಿ ಸ್ವಲ್ಪ ಮಡಿಸಿ, ಹೆಜ್ಜೆ ಅರ್ಧಕ್ಕೆ ಇಳಿಸಿ, ಪಾದ ಪೂರ್ತಿ ಊರುವುದು, ಕಲ್ಲಿನ ಬೆನ್ನ ಮೇಲಲ್ಲ, ಎರಡು ಕಲ್ಲಿನ ಸಂದಿಯಲ್ಲಿ. ಅಲ್ಲಿ ಮಣ್ಣು, ಗರಿಕೆ ಇರುತ್ತದೆ, ಹಿಡಿತ ಸಿಗುತ್ತದೆ. ಊರುಗೋಲು ಇದ್ದರೆ ಹತ್ತುವಾಗಿನ ಅಳತೆಗಿಂತ ಐದು ಸೆಂ.ಮೀ. ಉದ್ದ ಮಾಡಿ, ಮುಂದಿನ ಮೆಟ್ಟಿಲಿಗೆ ಕೋಲು ಮೊದಲು, ಕಾಲು ಆಮೇಲೆ. ಓಡುವ ಬೂಟಿನ ಮೆತ್ತನೆ ಅಟ್ಟೆ ಇಲ್ಲಿ ಏನೂ ಪ್ರಯೋಜನವಿಲ್ಲ, ಆಳದ ಹಲ್ಲಿನ ಅಟ್ಟೆಯೇ ಬೇಕು. ಆದರೂ ಎರಡನೇ ಬಾಗಿಲ ಬಳಿ ಒಬ್ಬರು ಕೂತೇ ಇಳಿದರು. ಫೋಟೊ ನೋಡುತ್ತಾ ನಡೆಯುತ್ತಿದ್ದವರು. ಅಂಗೈ ತರಚಿತು ಅಷ್ಟೆ. ಹತ್ತಲು 50 ನಿಮಿಷ, ಇಳಿಯಲು ಒಂದು ಗಂಟೆ ಹತ್ತು ನಿಮಿಷ.

ಇಂಬಳ (ಜಿಗಣೆ) ನವೆಂಬರಿಗೆ ಕಡಿಮೆ, ಆದರೆ ಕೊಳದ ಸುತ್ತಿನ ನೆರಳಿನಲ್ಲಿ ಇದ್ದವು. ಊರವರ ಮದ್ದು ಹೊಗೆಸೊಪ್ಪು ಮತ್ತು ಸುಣ್ಣ: ಬಟ್ಟೆಗಂಟಿನಲ್ಲಿ ಕಟ್ಟಿ, ಒದ್ದೆ ಮಾಡಿ, ಬೂಟಿನ ಸುತ್ತ ತಿಕ್ಕುವುದು. ಕಚ್ಚಿದ ಮೇಲೆ ಎಳೆಯಬಾರದು, ಉಪ್ಪು ಸುರಿಯಲೂಬಾರದು. ಉಪ್ಪು ಬಿದ್ದರೆ ಅದು ಕಾರಿಕೊಂಡದ್ದು ಗಾಯಕ್ಕೇ ಸೇರುತ್ತದೆ. ಉಗುರನ್ನು ಚರ್ಮಕ್ಕೆ ಒತ್ತಿ, ಸಣ್ಣ ತುದಿಯ ಬಾಯಿಯ ಕೆಳಗೆ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಎಂಜಲಿನಲ್ಲಿ ಇರುವುದರಿಂದ ಸ್ವಲ್ಪ ಹೊತ್ತು ಸೋರುವುದು ಸಹಜ. ಹತ್ತು ನಿಮಿಷ ಒತ್ತಿ ಹಿಡಿದರೆ ಆಯಿತು.

ಇಂಬಳಕ್ಕೆ ಕಿರುಚುವವರು ಉಣುಗನ್ನು (ಉಣ್ಣೆ ಹುಳು) ಮರೆಯುತ್ತಾರೆ. ಹೆದರಬೇಕಾದ್ದು ಅದಕ್ಕೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಕಾಲ ಡಿಸೆಂಬರಿನಿಂದ ಮೇ ತನಕ. ತೀರ್ಥಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯ ಪರಿಚಯ ಎಲ್ಲರಿಗೂ ಇದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ. ಚಾರಣಕ್ಕೆ ಬರುವವರು ಪೂರ್ತಿ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಬೇಕು. ದರಗಿನ ಮೇಲೆ ಕೂರಬಾರದು. ಸಂಜೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಮಂಡಿಯ ಹಿಂದೆ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯುವುದು, ತಿರುಚುವುದಲ್ಲ. ಊರಿಗೆ ಮರಳಿದ ಮೇಲೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮೊದಲ ಮಾತೇ ‘ಮಲೆನಾಡಿನ ಕಾಡಿಗೆ ಹೋಗಿದ್ದೆವು’ ಎಂದಿರಬೇಕು.

ಊಟ ಹಾಳೆತಟ್ಟೆಯಲ್ಲಿ. ಕುಚ್ಚಲಕ್ಕಿ ಅನ್ನ, ಬಾಳೆದಿಂಡಿನ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಅದರ ರಸಕ್ಕೆ ಮಜ್ಜಿಗೆ. ತರಚಿದ ಅಂಗೈಗೆ ಅಜ್ಜಿ ಅರಿಶಿನ ತಂದುಕೊಟ್ಟರು. “ಹೇಳಿದ್ನಲ” ಅಂತ ಬಾಯಿಬಿಟ್ಟು ಅನ್ನಲಿಲ್ಲ, ಮುಖದಲ್ಲಿ ಇತ್ತು.

ಮೂರನೇ ದಿನ: ಕುಂದಾದ್ರಿ, ಆಗುಂಬೆ

ತೊಡೆಯ ನೋವು ಇವತ್ತು. ಇದೂ ಇಳಿದದ್ದರ ಫಲವೇ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಾ ಮೈಭಾರ ತಡೆಯಬೇಕು. ಆ ಹಿಗ್ಗುವ ಕೆಲಸಕ್ಕೆ ಸ್ನಾಯುವಿನ ಎಳೆಗಳು ಸಣ್ಣಸಣ್ಣದಾಗಿ ಹರಿಯುತ್ತವೆ, ನೋವು ಮರುದಿನದಿಂದ ಮೂರನೇ ದಿನದ ನಡುವೆ ಏರುತ್ತದೆ. ಮಲಗಿದರೆ ಬೇಗ ಹೋಗುವುದಿಲ್ಲ. ಹಗುರ ಗೇರಿನಲ್ಲಿ ತುಳಿಯುವುದೇ ಮದ್ದು. ತೀರ್ಥಹಳ್ಳಿಯಿಂದ ಆಗುಂಬೆಗೆ 30 ಚಿಲ್ಲರೆ ಕಿ.ಮೀ., ಮೇಗರವಳ್ಳಿ ಮೇಲೆ. ಮೊದಲ ಹತ್ತು ಕಿ.ಮೀ. ಎಲ್ಲರೂ ಮುದುಕರ ಹಾಗೆ, ಆಮೇಲೆ ಸರಿಹೋಯಿತು.

ಗುಡ್ಡೇಕೇರಿಯ ಹತ್ತಿರ ಮುಖ್ಯರಸ್ತೆ ಬಿಟ್ಟರೆ ಕುಂದಾದ್ರಿ. 826 ಮೀಟರ್ ಎತ್ತರದ ಒಂಟಿ ಬಂಡೆಗುಡ್ಡ, ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆಯಲ್ಲೇ ಕೊಳ. ಜೈನ ಮುನಿ ಕುಂದಕುಂದಾಚಾರ್ಯರ ಹೆಸರಿನ ಬೆಟ್ಟ. ಮೇಲಿನವರೆಗೂ ವಾಹನ ಹೋಗುವ ರಸ್ತೆ ಇದೆ, ಆದರೆ ಕೊನೆಯ ಭಾಗ ಗೋಡೆಯ ಹಾಗೆ. ಮುಂದೆ 28 ಹಲ್ಲು, ಹಿಂದೆ 34 ಹಲ್ಲಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂ ಚಿಲ್ಲರೆ ಕಿ.ಮೀ. ಅಷ್ಟನ್ನೂ ತುಳಿಯಲಾಗದೆ ನಿಧಾನವಾದರೆ ಹ್ಯಾಂಡಲ್ ಓಲಾಡುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಅಲ್ಲಿಗೆ ಇಳಿದು ತಳ್ಳುವುದೇ ಬುದ್ಧಿವಂತಿಕೆ, ಮಂಡಗದ್ದೆಯ ಹಿರಿಯರು ಹೇಳಿದ ಹಾಗೆ. ತಳ್ಳುವಾಗ ಸೈಕಲ್ಲಿನ ಎಡಗಡೆ ನಿಂತರೆ ಚೈನ್ ಕಾಲಿಗೆ ತಾಗುವುದಿಲ್ಲ. ಒಬ್ಬರು ಮಾತ್ರ ತುಳಿದೇ ಹತ್ತಿದರು. ಸೀಟಿನ ಮೂತಿಯ ಮೇಲೆ ಕೂತು, ಎದೆ ಹ್ಯಾಂಡಲ್ಲಿಗೆ ತಾಗುವಷ್ಟು ಬಗ್ಗಿ.

ಇಳಿಯುವಾಗ ಮೊದಲ ದಿನದ ಸ್ಪ್ರೇ ತನ್ನ ಬಣ್ಣ ತೋರಿಸಿತು. ಎರಡನೇ ತಿರುವಿಗೇ ಹಿಂದಿನ ಬ್ರೇಕ್ ಹಂದಿ ಕಿರುಚಿದ ಹಾಗೆ ಕಿರುಚಿ, ಲಿವರ್ ಹ್ಯಾಂಡಲ್ಲಿಗೆ ಅಂಟಿದರೂ ಚಕ್ರ ನಿಲ್ಲಲಿಲ್ಲ. ಡಿಸ್ಕಿಗೆ ಎಣ್ಣೆ, ಅಲ್ಲಿಂದ ಪ್ಯಾಡಿಗೆ, ಮೇಲೆ ಎರಡು ದಿನದ ಕೆಂಪುಮಣ್ಣು. ಮುಂದಿನ ಬ್ರೇಕ್ ಒಂದನ್ನೇ ನಂಬಿ ಅಂಥ ಇಳಿಜಾರು ಇಳಿಯುವುದು ತಲೆ ಕೆಟ್ಟವರ ಕೆಲಸ. ಬುಡದ ತನಕ ನಡೆದೇ ಇಳಿದು ರಿಪೇರಿ.

ರಿಪೇರಿ ಹೀಗೆ: ಚಕ್ರ ಬಿಚ್ಚಿ ಡಿಸ್ಕನ್ನು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಸ್ಪಿರಿಟ್ ಹತ್ತಿಯಿಂದ ಎರಡೂ ಕಡೆ ಒರೆಸುವುದು, ಹತ್ತಿ ಕಪ್ಪಾಗುವುದು ನಿಲ್ಲುವ ತನಕ. ಆರು ಹತ್ತಿ ಬೇಕಾಯಿತು. ಪ್ಯಾಡುಗಳನ್ನು ಹೊರತೆಗೆದು, ಪಂಕ್ಚರ್ ಪೆಟ್ಟಿಗೆಯ ಮರಳುಕಾಗದವನ್ನು ಸಪಾಟು ಕಲ್ಲಿನ ಮೇಲಿಟ್ಟು, ಎಂಟರ ಆಕಾರದಲ್ಲಿ ತಿಕ್ಕುವುದು, ಹೊಳಪು ಹೋಗಿ ಮಂಕಾಗುವವರೆಗೆ. ಎಣ್ಣೆ ಆಳಕ್ಕೆ ಇಳಿದಿದ್ದರೆ ಇದೂ ಸಾಲದು, ಹೊಸ ಪ್ಯಾಡೇ ಗತಿ. ಒಂದು ಜೋಡಿ ಚೀಲದಲ್ಲಿ ಇರಬೇಕು. ಇದು ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ಇದರಲ್ಲಿ ಚಲಿಸುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಸವೆದಂತೆ ಅದರ ತಿರುಪನ್ನು ಕೈಯಾರೆ ಒಳಗೆ ತರಬೇಕು: ಪ್ಯಾಡ್ ಡಿಸ್ಕಿಗೆ ಉಜ್ಜುವ ತನಕ ತಿರುಗಿಸಿ, ಆಮೇಲೆ ಕಾಲು ಸುತ್ತಿಗಿಂತ ಕಡಿಮೆ ಹಿಂದಕ್ಕೆ. ಇದನ್ನು ಬಿಟ್ಟು ಬರೀ ಕೇಬಲ್ ಬಿಗಿ ಮಾಡುತ್ತಾ ಹೋದರೆ ಲಿವರ್ ಗಟ್ಟಿ ಇದ್ದ ಹಾಗೆ ಕಾಣುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಕೊನೆಗೆ ಸಮ ರಸ್ತೆಯಲ್ಲಿ ವೇಗ ತಂದು, ಚಕ್ರ ಕಚ್ಚಿಕೊಳ್ಳದ ಹಾಗೆ ಇಪ್ಪತ್ತು ಸಲ ಬ್ರೇಕ್ ಹಿಡಿದು ಬಿಟ್ಟು ಪ್ಯಾಡನ್ನು ಪಳಗಿಸುವುದು.

ಆಗುಂಬೆಗೆ ನಾಲ್ಕಕ್ಕೆ. ಸೂರ್ಯಾಸ್ತದ ಕಟ್ಟೆಗೆ ಹೋದವರಿಗೆ ಮುಗಿಲು ಬಿಟ್ಟು ಬೇರೇನೂ ಕಾಣಲಿಲ್ಲ. ಆಗುಂಬೆಯಲ್ಲಿ ಅದಕ್ಕೆ ಬೇಸರ ಮಾಡಿಕೊಳ್ಳುವುದೇ ತಪ್ಪು. ಕಡಲಿನಿಂದ ಬಂದ ತೇವದ ಗಾಳಿ ಈ ಘಟ್ಟದ ಗೋಡೆಗೆ ಬಡಿದು ನೇರ ಮೇಲೇರುತ್ತದೆ, ತಣಿದು ಸುರಿಯುತ್ತದೆ. ವರ್ಷದ ಸರಾಸರಿಯೇ 7,000 ಮಿ.ಮೀ. ಮೀರುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಬಿದ್ದದ್ದು 4,508 ಮಿ.ಮೀ. ಕಷಾಯ ಕೊಟ್ಟ ಅಂಗಡಿಯವರು ನಾಳೆಯ ಹವಾಮಾನ ಕೇಳಿದ್ದಕ್ಕೆ ಆಕಾಶ ನೋಡಲೇ ಇಲ್ಲ. “ಮಳೆ ಬರ್ಲಿ ಬಿಡ್ಲಿ, ಘಾಟಿ ರಸ್ತೆ ಬೆಳಿಗ್ಗೆ ಒದ್ದೆನೇ. ಎಂಟು ಗಂಟೆ ಮೇಲೆ ಇಳೀರಿ.” ಬರ್ಕಣ ಜಲಪಾತದ ಕಡೆ ನಡೆಯುವ ಆಸೆ ಇದ್ದವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು, ಇಲ್ಲಿ ಬಂದು ಕೇಳಿದರೆ ಆಗದು. ರಾತ್ರಿ ಊಟಕ್ಕೆ ಹೋಗುವಾಗಲೂ ಕೈಯಲ್ಲಿ ಬ್ಯಾಟರಿ. ಕಾಳಿಂಗ ಸರ್ಪದ ಊರಿದು, ಕಾಲಿಡುವ ಜಾಗಕ್ಕೆ ಬೆಳಕು ಬೀಳಬೇಕು.

ನಾಲ್ಕನೇ ದಿನ: ಹದಿನಾಲ್ಕು ತಿರುವು

ಅಂಗಡಿಯವರ ಮಾತು ಕೇಳಿ ಎಂಟೂವರೆಗೆ ಹೊರಟದ್ದು. ಹೊರಡುವ ಮೊದಲು ಕಾಲು ಗಂಟೆ ತಪಾಸಣೆ: ಪ್ಯಾಡಿನ ದಪ್ಪ 1 ಮಿ.ಮೀ.ಗಿಂತ ಕಡಿಮೆ ಇದ್ದರೆ ಇಲ್ಲೇ ಬದಲಿಸಬೇಕು, ಒದ್ದೆ ಘಾಟಿಯ ಮರಳುಮಣ್ಣು ಉಳಿದದ್ದನ್ನು ಒಂದೇ ಇಳಿತದಲ್ಲಿ ತಿನ್ನುತ್ತದೆ. ಟಯರಿನ ಗಾಳಿ 55ರಿಂದ 48ಕ್ಕೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಬೇಕು. ಗಾಳಿ ತಡೆಯುವ ಜಾಕೆಟ್ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ನಡುವೆ ಚಳಿ ಹತ್ತಿದರೆ ಬೆರಳು ಮರಗಟ್ಟಿ ಬ್ರೇಕಿನ ಅಳತೆ ತಪ್ಪುತ್ತದೆ.

ಇಲ್ಲಿಂದ ಘಾಟಿಯ ಬುಡದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಬ್ರೇಕನ್ನು ಎಡೆಬಿಡದೆ ಸ್ವಲ್ಪ ಸ್ವಲ್ಪ ಹಿಡಿದೇ ಇಳಿಯುವುದು ಹೊಸಬರ ಅಭ್ಯಾಸ. ಡಿಸ್ಕಿಗೆ ಆರಲು ಹೊತ್ತೇ ಸಿಗದೆ ಕಾದು, ಹಿಡಿತ ಕರಗುತ್ತದೆ. ನೇರ ಇರುವಲ್ಲಿ ಬಿಡುವುದು, ತಿರುವಿಗೆ 20 ಮೀಟರ್ ಇರುವಾಗ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸುವುದು, ತಿರುವಿನೊಳಗೆ ಬ್ರೇಕ್ ಬಿಟ್ಟಿರುವುದು. ನಿಲ್ಲಿಸುವ ಶಕ್ತಿ ಹೆಚ್ಚು ಮುಂದಿನ ಬ್ರೇಕಿನದೇ, ಆದರೆ ಚಕ್ರ ತಿರುಗಿಸಿದ ಹೊತ್ತಿನಲ್ಲಿ ಒದ್ದೆಯ ಮೇಲೆ ಅದನ್ನು ಹಿಡಿದರೆ ಮುಂದಿನ ಚಕ್ರವೇ ಜಾರಿ ಹೋಗುತ್ತದೆ. ತಿರುವಿನಲ್ಲಿ ಒಳಗಿನ ಪೆಡಲ್ ಮೇಲೆ, ಹೊರಗಿನದು ಕೆಳಗೆ, ಮೈಭಾರ ಆ ಕೆಳಗಿನ ಕಾಲಿನ ಮೇಲೆ. ಕಣ್ಣು ತಿರುವಿನ ಕೊನೆಗೆ. ಪ್ರಪಾತ ನೋಡಿದರೆ ಸೈಕಲ್ ಅತ್ತಲೇ ಎಳೆಯುತ್ತದೆ, ಇದು ಅನುಭವಿಸಿದವರಿಗೆ ಗೊತ್ತು.

ಟಾರಿಗಿಂತ ಮೋಸದ್ದು ಟಾರಿನ ಮೇಲಿನ ಬಿಳಿ ಬಣ್ಣ. ಒದ್ದೆಯಾದಾಗ ಗಾಜು. ತಿರುವಿನ ಒಳಮೈಯಲ್ಲಿ ಗುಡ್ಡದಿಂದ ಜಿನುಗುವ ನೀರು, ಅದರಲ್ಲಿ ಕೊಳೆತ ಎಲೆ. ಹೊರಮೈಯಲ್ಲಿ ವಾಹನಗಳು ತಳ್ಳಿದ ಜಲ್ಲಿ. ಓಡಿಸಲು ಉಳಿಯುವುದು ನಡುವಿನ ಎರಡು ಅಡಿ. ಮೇಲೆ ಬರುವ ಮಿನಿಬಸ್ಸಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕು, ಆದ್ದರಿಂದ ಹಾರ್ನ್ ಕೇಳಿದರೆ ತಿರುವಿನ ಮೊದಲೇ ನಿಂತುಬಿಡಬೇಕು. ಕೋತಿಗಳಿಗೆ ಬಿಸ್ಕತ್ತು ಎಸೆಯಲು ಕಾರು ನಿಲ್ಲಿಸುವವರು ಬೇರೆ. ಅಂಥವರಿಂದಲೇ ಕೋತಿಗಳು ನಡುರಸ್ತೆಯಲ್ಲಿ ಕೂರುವುದು.

ಐದನೇ ಮತ್ತು ಹತ್ತನೇ ತಿರುವಿನ ಹತ್ತಿರ ಐದೈದು ನಿಮಿಷ ನಿಲುಗಡೆ. ಡಿಸ್ಕ್ ಕಾದಿದೆಯಾ ಅಂತ ಬೆರಳಿಟ್ಟು ನೋಡುವುದಲ್ಲ. ಬಾಟಲಿಯಿಂದ ಒಂದೇ ಒಂದು ಹನಿ ನೀರು. ಐದನೆಯದರಲ್ಲಿ ಮೂವರ ಡಿಸ್ಕಿನ ಮೇಲೆ ಹನಿ ಸುಮ್ಮನೆ ಇಳಿದು ಹೋಯಿತು, ನಾಲ್ಕನೆಯವರ ಡಿಸ್ಕಿನಲ್ಲಿ ಚುಂಯ್ ಎಂದು ಆವಿ. ಹಿಡಿದೇ ಇಳಿಯುತ್ತಿದ್ದವರು ಯಾರೆಂದು ಅದು ಹೇಳಿಬಿಟ್ಟಿತು. ಹತ್ತನೆಯದರಲ್ಲಿ ನಾಲ್ಕೂ ತಣ್ಣಗೆ.

ಕೊನೆಯ ತಿರುವು ಕಳೆದ ಮೇಲೆ ಗಾಳಿಯೇ ಬೇರೆ. ಬೆಚ್ಚಗೆ, ಅಂಟಂಟು, ಕರಾವಳಿಯದು. ಸೋಮೇಶ್ವರದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಪ್ಯಾಡುಗಳನ್ನು ಅಳೆದರೆ ಹಿಂದಿನವು ಹೆಚ್ಚುಕಡಿಮೆ ಅರ್ಧ ಮಿ.ಮೀ. ಸವೆದಿದ್ದವು. ತೀರ್ಥಹಳ್ಳಿಗೆ ಖಾಲಿ ಹೊರಟಿದ್ದ ಪಿಕಪ್ ಒಂದು ಸಿಕ್ಕಿತು. ಸೈಕಲ್ಲುಗಳನ್ನು ಚೈನಿನ ಕಡೆ ಮೇಲೆ ಬರುವ ಹಾಗೆ ಮಲಗಿಸಬೇಕು, ಇಲ್ಲದಿದ್ದರೆ ಡಿರೇಲರ್ ಬಗ್ಗುತ್ತದೆ. ಜಾಗ ಸಾಲದೆ ಎಂಟಿಬಿಯ ಮುಂದಿನ ಚಕ್ರ ಬಿಚ್ಚಬೇಕಾಯಿತು. ಅದರದ್ದು ಎಣ್ಣೆಯ ಒತ್ತಡದ ಬ್ರೇಕ್. ಡಿಸ್ಕ್ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಎರಡು ಪ್ಯಾಡೂ ಕೂಡಿಕೊಂಡು, ಚಕ್ರ ಮತ್ತೆ ಒಳಗೆ ಹೋಗುವುದಿಲ್ಲ. ನಡುವೆ ಸಿಕ್ಕಿಸಲು ರಟ್ಟು ಹುಡುಕುತ್ತಿದ್ದಾಗ ಡ್ರೈವರ್ ಗಾಡಿಯ ಮೂಲೆಯಿಂದ ಒಣಗಿದ ಅಡಿಕೆ ಹಾಳೆಯ ಒಂದು ತುಂಡು ಎಳೆದು, ಕತ್ತಿಯಲ್ಲಿ ಎರಡು ಬೆರಳಗಲ ಕೊಯ್ದು ಕೊಟ್ಟರು. ಎರಡು ಮಡಿಕೆ ಮಾಡಿದರೆ ಸರಿಯಾಗಿ ಕೂತಿತು.